ಬೇಸಿಗೆಯಲ್ಲಿ ಪಾಸ್ಟರ್ ಓದುತ್ತಾ ಕೂತರೆ ಅದು ಸೇವೆ ಅಲ್ವಾ?

ಕುರಿಗಾಹಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ನಾನು ಸಭಾಪಾಲಕನಾಗಿ 6 ವರ್ಷ ಆಯಿತು. ಬೇಸಿಗೆಯಲ್ಲಿ ನಮ್ಮ ಸಭೆಯ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ. ವಾರದ ನಡುವಿನ ಕೂಟಗಳು ನಿಂತಿರುತ್ತವೆ, ಭಾನುವಾರ ಅರ್ಧ ಬೆಂಚು ಖಾಲಿ, ಫೋನ್ ಕೂಡ ಜಾಸ್ತಿ ಬರುವುದಿಲ್ಲ. ಈ ಸಲ ಆ 6 ವಾರವನ್ನು ಓದಿಗೆ, ಅಧ್ಯಯನಕ್ಕೆ ಅಂತಲೇ ಇಟ್ಟುಕೊಳ್ಳಬೇಕು ಎಂದು ಮನಸ್ಸು ಮಾಡಿದ್ದೇನೆ.

ಇದನ್ನು ಕಮಿಟಿಯಲ್ಲಿ ಹೇಳಿದೆ. ಒಬ್ಬ ಹಿರಿಯರು ಕೇಳಿದರು, "ಪಾಸ್ಟರೇ, ಈ ಬಿಡುವಿನಲ್ಲಿ ಏನು ಮಾಡ್ತೀರಿ?" "ಓದ್ತೀನಿ" ಅಂದೆ. "ಅದು ಸರಿ, ಕೆಲಸ ಏನು ಮಾಡ್ತೀರಿ?" ಅಂದರು. ಅವರು ಚುಚ್ಚಿ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಬೇಕು ಅಂತ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಸುತ್ತುತ್ತಿದೆ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ನನ್ನ ಪ್ರಶ್ನೆ ಹುಟ್ಟಿದ್ದೇ ಅಲ್ಲಿಂದ. ಈ 6 ವರ್ಷ ನಾನು ಓದಿದ್ದೆಲ್ಲ ಭಾನುವಾರಕ್ಕಾಗಿ. ಶುಕ್ರವಾರ ಸಂಜೆ ವ್ಯಾಖ್ಯಾನದ ಪುಸ್ತಕ ತೆಗೆಯುವುದು, ಬೇಕಾದಷ್ಟು ಕಡೆ ಗೆರೆ ಎಳೆಯುವುದು, ಶನಿವಾರ ರಾತ್ರಿ, ಸಭೆಗೆ ಹೇಳುವ ಪ್ರಸಂಗ ಬರೆದು ಮುಗಿಸುವುದು. ಹೋದ ತಿಂಗಳು ಜ್ವರ ಬಂದು ಮಲಗಿದ್ದಾಗ ಸುಮ್ನೆ 23ನೇ ಕೀರ್ತನೆ, ಯೆಹೋವನು ನನಗೆ ಕುರುಬನು ಎನ್ನುವುದನ್ನು ತೆರೆದೆ. ನಾಲ್ಕನೇ ವಚನಕ್ಕೆ ಬರುವಷ್ಟರಲ್ಲಿ ನನ್ನ ತಲೆ ತಾನೇ ಮೂರು ಪಾಯಿಂಟ್ ಮಾಡಿಕೊಂಡಿತ್ತು, ಎರಡನೆಯದಕ್ಕೆ ಒಂದು ಉದಾಹರಣೆ ಕೂಡ ಸಿದ್ಧವಾಗಿತ್ತು. ಜ್ವರದಲ್ಲಿ ಮಲಗಿರುವ ನನಗೆ ಆ ಕುರುಬನು ಏನು ಹೇಳುತ್ತಿದ್ದಾನೆ ಎಂದು ಕೇಳಿಸಿಕೊಳ್ಳಲು ಆಗಲೇ ಇಲ್ಲ. ಪುಸ್ತಕ ಮುಚ್ಚಿಟ್ಟೆ. ಹೆದರಿಕೆಯಾಯಿತು.

ಹಾಗಾಗಿ ಕೇಳುತ್ತಿದ್ದೇನೆ. ಸಭೆಯ ದುಡ್ಡಿನಲ್ಲಿ ಬದುಕುವವನು ವಾರಗಟ್ಟಲೆ ಓದುತ್ತಾ ಕೂರುವುದು ಸರಿಯಾ? ಅದರಿಂದ ಸಭೆಗೆ ನಿಜವಾಗಿ ಏನಾದರೂ ಸಿಗುತ್ತದಾ, ಇಲ್ಲ ನನ್ನ ತಲೆ ಮಾತ್ರ ತುಂಬುತ್ತದಾ? ಹೇಗೆ ಓದುತ್ತೀರಿ, ಏನು ಓದುತ್ತೀರಿ? ಅನುಭವ ಇರುವವರು ಬಿಡಿಸಿ ಹೇಳಿ.

ಹಳೇ ಪುಟ

ಬ್ರದರ್, ನಿಮ್ಮ ಹಿರಿಯರಿಗೆ ಉತ್ತರ ಆಮೇಲೆ ಕೊಡೋಣ. ಮೊದಲು ಆ ಹೆದರಿಕೆಯನ್ನು ಹಾಗೇ ಇಟ್ಟುಕೊಳ್ಳಿ. ಎಷ್ಟೋ ಜನರಿಗೆ ಅದು ಬರುವುದೇ ಇಲ್ಲ.

ನಾನು ಮೊದಲ 11 ವರ್ಷ ಹೀಗೇ ಇದ್ದೆ. ಪುಸ್ತಕ ಕೈಗೆ ಬಂದರೆ ಸಾಕು, ಪ್ರಸಂಗಕ್ಕೆ ಆಗುವಂಥದ್ದು ಎಲ್ಲಿದೆ ಎಂದು ಕಣ್ಣು ಹುಡುಕುತ್ತಿತ್ತು. ದಿನಾ ನೀರು ಸೇದುತ್ತಿದ್ದೆ, ಒರತೆ ಇದೆಯಾ ಅಂತ ಒಂದು ದಿನವೂ ಬಗ್ಗಿ ನೋಡಲಿಲ್ಲ. 12ನೇ ಬೇಸಿಗೆಯಲ್ಲಿ ಹಗ್ಗ ತಳ ಮುಟ್ಟಿತು. ಪ್ರಾರ್ಥನೆ ಮಾಡಲು ಕೂತರೆ ನನ್ನದೇ ಪ್ರಸಂಗದ ವಾಕ್ಯಗಳು ಬಾಯಿಗೆ ಬರುತ್ತಿದ್ದವು.

ಆ ಬೇಸಿಗೆಯಲ್ಲಿ ಒಂದು ತೀರ್ಮಾನ ಮಾಡಿದೆ. 150 ಕೀರ್ತನೆಗಳು, ದಿನಕ್ಕೆ 3, 50 ದಿನ. ಬೆಳಿಗ್ಗೆ ಬಾಯಿಬಿಟ್ಟು ಓದಬೇಕು. ವ್ಯಾಖ್ಯಾನ ಮುಟ್ಟಬಾರದು. ನೋಟ್‌ಬುಕ್‌ನಲ್ಲಿ ಒಂದೇ ಒಂದು ಸಾಲು ಬರೆಯಬೇಕು, ಅದೂ "ಕರ್ತನೇ" ಎಂದೇ ಶುರುವಾಗಬೇಕು, ಸಭೆಗೆ ಹೇಳುವ ಮಾತು ಆಗಬಾರದು. ಮತ್ತೆ ಮುಖ್ಯವಾದದ್ದು, ಇದರಲ್ಲಿ ಯಾವುದನ್ನೂ ಒಂದು ವರ್ಷ ಪ್ರಸಂಗ ಮಾಡಬಾರದು.

30ನೇ ದಿನ 88ನೇ ಕೀರ್ತನೆಗೆ ಬಂದೆ. ಅಲ್ಲೇ ನಿಂತುಬಿಟ್ಟೆ. ಗೋಳಾಟದ ಕೀರ್ತನೆಗಳು ಬೇಕಾದಷ್ಟಿವೆ, ಆದರೆ ಹೆಚ್ಚುಕಮ್ಮಿ ಎಲ್ಲವೂ ಎಲ್ಲೋ ಒಂದು ಕಡೆ ತಿರುಗುತ್ತವೆ. 13ನೆಯದನ್ನೇ ನೋಡಿ. "ಎಷ್ಟರವರೆಗೆ" ಎಂದು ನಾಲ್ಕು ಸಲ ಕೇಳುವವನು ಆರನೇ ವಚನಕ್ಕೆ ಬಂದಾಗ ಹಾಡುತ್ತೇನೆ ಅನ್ನುತ್ತಾನೆ. 88 ತಿರುಗುವುದೇ ಇಲ್ಲ. 18 ವಚನ, ಹೀಬ್ರೂ ಮೂಲದಲ್ಲಿ ಕೊನೆಯ ಪದವೇ ಕತ್ತಲೆ. ಅಲ್ಲಿಗೆ ಮುಗಿಯಿತು. ನನಗೆ ಕಸಿವಿಸಿ. ಮುಂದಿನ ಪುಟದಲ್ಲಿ ಸಮಾಧಾನ ಇದೆಯಾ ಅಂತ ನೋಡಿದೆ, ಅದು ಬೇರೆಯೇ ಕೀರ್ತನೆ. 5 ದಿನ ಅದನ್ನೇ ಓದಿದೆ. ಲೆಕ್ಕ ತಪ್ಪಿತು, ತಪ್ಪಲಿ ಅಂತ ಬಿಟ್ಟೆ. ಐದನೇ ದಿನ ನೋಟ್‌ಬುಕ್‌ನಲ್ಲಿ ಬರೆದದ್ದು ಇಷ್ಟೇ: "ಕರ್ತನೇ, ಈ ಮಾತನ್ನೂ ನಿನ್ನ ಪುಸ್ತಕದಲ್ಲಿ ಇಟ್ಟುಕೊಂಡಿದ್ದೀಯಾ."

8 ತಿಂಗಳ ನಂತರ ನಮ್ಮ ಸಭೆಯ ಒಂದು ಮನೆಯಲ್ಲಿ ಹದಿಹರೆಯದ ಮಗ ತೀರಿಕೊಂಡ. ನಾನು ಹೋಗುವಷ್ಟರಲ್ಲಿ ಮನೆ ತುಂಬಾ ಜನ. ಎಲ್ಲರೂ ಒಳ್ಳೆಯ ಮಾತೇ ಹೇಳುತ್ತಿದ್ದರು. ರೋಮಾಪುರದವರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದ, ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳ್ಳೆಯದಕ್ಕೇ ಆಗುತ್ತದೆ ಎನ್ನುವ ಆ ವಚನವನ್ನು ಮೂವರು ಆಗಲೇ ಹೇಳಿ ಆಗಿತ್ತು. ಹಿಂದಿನ ನಾನಾಗಿದ್ದರೆ ನಾಲ್ಕನೆಯವನಾಗುತ್ತಿದ್ದೆ. ತಂದೆ ಗೋಡೆಗೆ ಮುಖ ಮಾಡಿ ಕೂತಿದ್ದರು. ನಾನು ಪಕ್ಕದಲ್ಲಿ ಕೂತು ಏನೂ ಹೇಳದೆ 88ನೇ ಕೀರ್ತನೆ ತೆರೆದು ನಿಧಾನವಾಗಿ ಓದಿದೆ. ಮುಗಿಸಿದಾಗ ಅವರು ತಿರುಗಿ ಕೇಳಿದರು, "ಇದು ಸತ್ಯವೇದದಲ್ಲಿ ಇದೆಯಾ?" ಇದೆ ಅಂದೆ. ಪುಸ್ತಕ ಕೈಗೆ ತಗೊಂಡು ಆ ಪುಟವನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇನ್ನೊಂದು ಸಲ ಓದಿ" ಅಂದರು.

ಸಭೆಗೆ ಏನು ಸಿಗುತ್ತದೆ ಎಂದು ಕೇಳಿದಿರಲ್ಲ, ನನಗೆ ಗೊತ್ತಿರುವ ಉತ್ತರ ಅದು. ಆ ಓದು ಪ್ರಸಂಗಕ್ಕಾಗಿ ಓದಿದ್ದಾಗಿದ್ದರೆ 88ನ್ನು ನಾನು ದಾಟಿ ಹೋಗುತ್ತಿದ್ದೆ. ಅದರಲ್ಲಿ ಪ್ರಸಂಗಕ್ಕೆ ಬೇಕಾದ ಮುಕ್ತಾಯವೇ ಇಲ್ಲವಲ್ಲ.

ನಿಮ್ಮ ಹಿರಿಯರ ಜೊತೆ ಕೂತು ಎಜ್ರನ ಪುಸ್ತಕ 7ನೇ ಅಧ್ಯಾಯದ 10ನೇ ವಚನ ಓದಿ. ಎಜ್ರನು ಮನಸ್ಸಿಟ್ಟದ್ದು ಮೂರಕ್ಕೆ: ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡುವುದು, ಅದರಂತೆ ನಡೆಯುವುದು, ಆಮೇಲೆ ಕಲಿಸುವುದು. ಶುಕ್ರವಾರ ಓದಿ ಭಾನುವಾರ ಹೇಳುವವನಿಗೆ ಮೊದಲನೆಯದೂ ಇದೆ, ಮೂರನೆಯದೂ ಇದೆ. ನಡುವಿನದಕ್ಕೆ ಇರುವುದು ಶನಿವಾರ ಒಂದೇ. ಓದಿದ್ದು ಬದುಕಿಗೆ ಇಳಿಯಲು ದಿನಗಳು ಬೇಕು, ನನ್ನ ವಿಷಯದಲ್ಲಿ 8 ತಿಂಗಳು ಬೇಕಾಯಿತು. ಬೇಸಿಗೆಯ ಓದು ಕೊಡುವುದು ಆ ಅಂತರವನ್ನು.

ಹಿಂದಿನ ಬೆಂಚು

ನಾನು ಪಾಸ್ಟರ್ ಅಲ್ಲ. ಸಭೆಯ ಕಮಿಟಿಯಲ್ಲಿ ಕಾರ್ಯದರ್ಶಿಯಾಗಿ 9 ವರ್ಷ ಇದ್ದವಳು. ಬೆಂಚಿನ ಕಡೆಯಿಂದ ಒಂದು ಮಾತು ಹೇಳಬಹುದಾ?

ಪಾಸ್ಟರ್ ಓದಿದ್ದಾರೋ ಇಲ್ಲವೋ ನಮಗೆ ಗೊತ್ತಾಗುತ್ತದೆ. ಓದಿದವರು ದೊಡ್ಡ ದೊಡ್ಡ ಹೆಸರು ಹೇಳುತ್ತಾರೆ ಅಂತಲ್ಲ. ಅದು ನಮಗೆ ಬೇಕಾಗಿಯೂ ಇಲ್ಲ. ಓದಿನಿಂದ ತುಂಬಿ ಬಂದವರು ನಿಧಾನವಾಗಿರುತ್ತಾರೆ, ಎದುರಿಗಿರುವವರು ಮಾತು ಮುಗಿಸುವವರೆಗೆ ಕಾಯುತ್ತಾರೆ. ಖಾಲಿಯಾದವರು ನಾವು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟುಬಿಡುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ, ದಣಿದಿರುತ್ತಾರೆ ಪಾಪ. ವರ್ಷವಿಡೀ ಕೊಡುತ್ತಲೇ ಇರಬೇಕು ಅಂದರೆ ಯಾರಿಗೆ ಆಗುತ್ತದೆ?

ಒಂದು ಘಟನೆ ಹೇಳುತ್ತೇನೆ. ನಮ್ಮ ಸಭೆಯಲ್ಲಿ ಆರಾಧನೆಯ ಹೊತ್ತು ಬದಲಿಸುವ ವಿಷಯಕ್ಕೆ ದೊಡ್ಡ ಜಗಳ ಎದ್ದಿತ್ತು. ಹೊರಗಿನವರಿಗೆ ಸಣ್ಣ ವಿಷಯ ಅನ್ನಿಸಬಹುದು. ಆದರೆ ಎರಡು ಕುಟುಂಬಗಳು ಒಂದೇ ಬೆಂಚಿನಲ್ಲಿ ಕೂರುವುದನ್ನೇ ಬಿಟ್ಟಿದ್ದವು. ಆ ವರ್ಷ ನಮ್ಮ ಪಾಸ್ಟರ್ ಬೇಸಿಗೆಯಲ್ಲಿ 5 ವಾರ ಅಧ್ಯಯನಕ್ಕೆ ಬಿಡುವು ಕೇಳಿದರು. ಜಗಳ ಇರುವಾಗ ಇವರು ಓದಲು ಹೋಗುತ್ತಾರಲ್ಲ ಎಂದು ಹಲವರಿಗೆ ಬೇಸರ. ನಿಜ ಹೇಳಬೇಕೆಂದರೆ ನನಗೂ ಬೇಸರವಾಗಿತ್ತು. ಆದರೂ ಕೊಟ್ಟೆವು.

ಅವರು ಆ 5 ವಾರವೂ ಅಪೊಸ್ತಲರ ಕೃತ್ಯಗಳನ್ನು ಮಾತ್ರ ಓದಿದರಂತೆ. ಮತ್ತೆ ಮತ್ತೆ. ಅದರಲ್ಲೂ 15ನೇ ಅಧ್ಯಾಯ, ಯೆರೂಸಲೇಮಿನಲ್ಲಿ ನಡೆದ ಸಭೆ, ಅನ್ಯಜನರಿಂದ ಬಂದ ವಿಶ್ವಾಸಿಗಳು ಸುನ್ನತಿ ಮಾಡಿಸಿಕೊಳ್ಳಬೇಕಾ ಎಂಬ ವಾದ. ಅವರು ಬಂದ ಮೇಲೆ ಮೊದಲ ಕಮಿಟಿ ಮೀಟಿಂಗ್. ಎಲ್ಲರೂ ಅವರು ತೀರ್ಪು ಹೇಳಲಿ ಎಂದು ಕಾಯುತ್ತಿದ್ದರು. ಅವರು ಒಂದು ಹಾಳೆಯ ಮೇಲೆ ಅಲ್ಲಿದ್ದ 14 ಜನರ ಹೆಸರನ್ನೂ ಬರೆದುಕೊಂಡರು, ಒಬ್ಬೊಬ್ಬರು ಮಾತಾಡಿ ಮುಗಿಸಿದ ಹಾಗೆ ಹೆಸರಿನ ಮುಂದೆ ಒಂದು ಚುಕ್ಕೆ ಇಟ್ಟರು. ಯಾರಾದರೂ ನಡುವೆ ಬಾಯಿ ಹಾಕಿದರೆ "ನಿಮ್ಮ ಸರದಿ ಬರುತ್ತೆ ಅಣ್ಣ" ಅಂದರು, ಅಷ್ಟೇ. ಒಂದೂವರೆ ಗಂಟೆ ಅವರು ಬೇರೆ ಒಂದು ಮಾತೂ ಆಡಲಿಲ್ಲ. ಒಬ್ಬ ಅಜ್ಜಿ ಇದ್ದರು, ಕಮಿಟಿಯಲ್ಲಿ ಎಂದೂ ಬಾಯಿ ತೆರೆದವರಲ್ಲ. ಅವರ ಸರದಿಗೆ ಬಂದಾಗ, ಬೆಳಿಗ್ಗೆ ಬೇಗ ಬರಬೇಕಾದರೆ ತನ್ನನ್ನು ಕರೆದುಕೊಂಡು ಬರುವವರು ಯಾರೂ ಇಲ್ಲ, ಅದಕ್ಕೇ ಹಳೇ ಹೊತ್ತೇ ಇರಲಿ ಅಂತ ಕೇಳಿದ್ದು ಎಂದರು. ನಮಗ್ಯಾರಿಗೂ ಅದು ಗೊತ್ತೇ ಇರಲಿಲ್ಲ.

ಎಲ್ಲರದ್ದೂ ಮುಗಿದ ಮೇಲೆ ಅವರು ಕೃತ್ಯಗಳ ಆ ಅಧ್ಯಾಯ ತೆರೆದರು. ಅಲ್ಲಿ ಮೊದಲು ಬಹಳ ವಾದ ನಡೆಯುತ್ತದೆ, ಆಮೇಲೆ ಪೇತ್ರ ಮಾತಾಡುತ್ತಾನೆ, ಜನರೆಲ್ಲ ಸುಮ್ಮನಾಗಿ ಬಾರ್ನಬನ ಮಾತನ್ನೂ ಪೌಲನ ಮಾತನ್ನೂ ಕೇಳುತ್ತಾರೆ, ಅಲ್ಲಿನ ಸಭೆಯ ಮುಖ್ಯಸ್ಥನಾದ ಯಾಕೋಬನು ಬಾಯಿ ತೆರೆಯುವುದು ಕೊನೆಯಲ್ಲಿ. "ಯಾಕೋಬನು ಕೊನೆಗೆ ಮಾತಾಡಿದ ಅನ್ನೋದನ್ನ ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ" ಅಂದರು. ಅಷ್ಟೇ ಅವರ ಪ್ರಸಂಗ. ಜಗಳ ಅವತ್ತೇ ಮುಗಿಯಲಿಲ್ಲ, ಇನ್ನೂ ಎರಡು ಮೀಟಿಂಗ್ ಬೇಕಾಯಿತು. ಆದರೆ ಅವತ್ತಿನಿಂದ ದನಿ ಏರಿಸುವುದು ನಿಂತಿತು.

ಅದಕ್ಕೇ ಹೇಳುವುದು, ನಿಮ್ಮ ಕಮಿಟಿಗೆ ಇದನ್ನು ರಜೆ ಅಂತ ಹೇಳಬೇಡಿ. ಅಧ್ಯಯನದ ಸಮಯ ಅಂತಲೇ ಬರೆಸಿ, ತಾರೀಕು ಹಾಕಿ ನಡಾವಳಿಯಲ್ಲಿ ಸೇರಿಸಿ. ಆ ದಿನಗಳಲ್ಲಿ ಸಾವು, ಆಸ್ಪತ್ರೆ ಇಂಥದ್ದು ಬಂದರೆ ಯಾರನ್ನು ಕರೆಯಬೇಕು ಎನ್ನುವುದನ್ನೂ ಮೊದಲೇ ಗೊತ್ತುಮಾಡಿ. ಆಗ ನಿಮಗೂ ನೆಮ್ಮದಿ, ನಮಗೂ ನೆಮ್ಮದಿ. ಮತ್ತೆ, ಬಂದ ಮೇಲೆ ಓದಿದ್ದರಲ್ಲಿ ಸ್ವಲ್ಪವಾದರೂ ನಮ್ಮ ಜೊತೆ ಹಂಚಿಕೊಳ್ಳಿ. ವರದಿ ಬೇಡ. ನಿಮಗೆ ಏನು ನಾಟಿತು ಅಷ್ಟು ಸಾಕು.

ಎರಡು ಕೆಲಸ

ಎಲ್ಲರ ಮಾತೂ ಓದಿದೆ. ಒಳ್ಳೆಯದೇ. ಆದರೆ ನನ್ನಂಥವರ ಕಡೆಯಿಂದಲೂ ಯಾರಾದರೂ ಹೇಳಬೇಕಲ್ಲ.

ನಾನು ಹಗಲು ಒಂದು ಕಡೆ ಕೆಲಸ ಮಾಡುತ್ತೇನೆ, ಸಂಜೆ ಮತ್ತು ಭಾನುವಾರ ಸಭೆ ನೋಡಿಕೊಳ್ಳುತ್ತೇನೆ. ನಮ್ಮದು 40 ಜನರ ಸಭೆ. ನನಗೆ ಬೇಸಿಗೆ ಬಿಡುವು ಅಂತ ಒಂದಿಲ್ಲ. 5 ವಾರ, 50 ದಿನ ಅಂತ ಓದುವಾಗ ಮನಸ್ಸಿಗೆ ಸ್ವಲ್ಪ ನೋವಾಗುತ್ತದೆ. 18ನೇ ಶತಮಾನದಲ್ಲಿ, ಇಂಗ್ಲೆಂಡಿನಲ್ಲಿ ಮೆಥಡಿಸ್ಟ್ ಚಳವಳಿ ಶುರುಮಾಡಿದ ಜಾನ್ ವೆಸ್ಲಿ ತಮ್ಮ ಬೋಧಕರಿಗೆ ದಿನಕ್ಕೆ ಕನಿಷ್ಠ 5 ಗಂಟೆ ಓದಬೇಕು, ಓದಿನ ರುಚಿ ಇಲ್ಲ ಅನ್ನುವವರು ರುಚಿ ಬೆಳೆಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಹಳೆಯ ಕಸುಬಿಗೆ ಹೋಗಿ ಎಂದು ಹೇಳಿದ್ದರು. ಸೇವೆಗೆ ಬಂದ ಹೊಸದರಲ್ಲಿ ಇದನ್ನು ಕೇಳಿ ನಾನು ಒಂದು ವಾರ ಕುಗ್ಗಿಹೋಗಿದ್ದೆ. ನಾನು ಕಸುಬನ್ನು ಬಿಟ್ಟೇ ಇಲ್ಲವಲ್ಲ! ಆಮೇಲೆ ಅದೇ ವೆಸ್ಲಿ ಕುದುರೆಯ ಮೇಲೆ ಕೂತು ಓದುತ್ತಿದ್ದರು ಅಂತ ತಿಳಿಯಿತು. ಊರಿಂದೂರಿಗೆ ಹೋಗುವ ದಾರಿಯೇ ಅವರಿಗೆ ಓದುವ ಕೋಣೆ. ಅದು ನನಗೆ ಹಿಡಿಸಿತು.

ಹಾಗಾಗಿ ನನ್ನ ದಾರಿ ಇದು. ಧರ್ಮೋಪದೇಶಕಾಂಡ 17ನೇ ಅಧ್ಯಾಯದಲ್ಲಿ ಅರಸನಿಗೆ ಒಂದು ಅಪ್ಪಣೆ ಇದೆ. ಸಿಂಹಾಸನದ ಮೇಲೆ ಕೂತವನು ಧರ್ಮಶಾಸ್ತ್ರದ ಒಂದು ಪ್ರತಿಯನ್ನು ತನಗಾಗಿ ಬರೆದುಕೊಳ್ಳಬೇಕು, ಬದುಕಿರುವಷ್ಟು ದಿನ ಅದನ್ನು ಓದಬೇಕು. ಯಾಕೆ? ಜಾಣನಾಗಲಿ ಅಂತ ಅಲ್ಲಿ ಹೇಳಿಲ್ಲ. ದೇವರಿಗೆ ಭಯಪಡಲು ಕಲಿಯಲಿ, ತನ್ನ ಸಹೋದರರಿಗಿಂತ ತಾನು ಮೇಲು ಅಂತ ಅವನ ಹೃದಯ ಉಬ್ಬದಿರಲಿ ಅಂತ. ಇದನ್ನು ಓದಿದ ಮೇಲೆ ನಾನು ಒಂದು ಸಣ್ಣ ಪಾಕೆಟ್ ಪುಸ್ತಕ ಇಟ್ಟುಕೊಂಡೆ. ದಿನಾ ಮಧ್ಯಾಹ್ನ ಊಟದ ಬಿಡುವಿನಲ್ಲಿ 20 ನಿಮಿಷ, ಫಿಲಿಪ್ಪಿಯವರಿಗೆ ಬರೆದ ಪತ್ರವನ್ನು ಕೈಯಿಂದ ನಕಲು ಮಾಡುತ್ತೇನೆ. ಅದರಲ್ಲಿ ಇರುವುದು 104 ವಚನ. ದಿನಕ್ಕೆ ಎರಡು, ಮೂರು ಅಂತ ಒಂದು ಬೇಸಿಗೆಯಲ್ಲಿ ಮುಗಿಯಿತು.

ಬರೆಯುವಾಗ ಓದಿದ ಹಾಗೆ ಓಡಲು ಆಗುವುದಿಲ್ಲ. 2ನೇ ಅಧ್ಯಾಯದಲ್ಲಿ "ತನ್ನನ್ನು ಬರಿದು ಮಾಡಿಕೊಂಡು" ಅನ್ನುವ ಕಡೆ ಪೆನ್ನು ನಿಂತಿತು. ಹಿಂದಿನ ಭಾನುವಾರವಷ್ಟೇ ಒಬ್ಬ ಹುಡುಗ ಆರಾಧನೆಗೆ ತಡವಾಗಿ ಬಂದ ಅಂತ ಎಲ್ಲರ ಮುಂದೆ ಗದರಿದ್ದೆ. ಅವತ್ತು ಸಂಜೆಯೇ ಅವನ ಮನೆಗೆ ಹೋದೆ.

ಇನ್ನೊಂದು ಎಚ್ಚರಿಕೆ, ತಪ್ಪು ತಿಳಿಯಬೇಡಿ. ಪುಸ್ತಕದ ಹಿಂದೆ ಅಡಗಿಕೊಳ್ಳುವುದೂ ಇದೆ. ಸಭೆಯಲ್ಲಿ ಒಂದು ಕುಟುಂಬವನ್ನು ಎದುರಿಸಲು ಕಷ್ಟವಾದಾಗ ನಾನೇ ಹಾಗೆ ಮಾಡಿದ್ದೇನೆ. ಭೇಟಿಗೆ ಹೋಗಬೇಕಾದ ಸಂಜೆ ಓದುತ್ತಾ ಕೂತು, ಇದೂ ಸೇವೆಯೇ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಜ್ಞಾನವು ಉಬ್ಬಿಸುತ್ತದೆ, ಪ್ರೀತಿಯು ಕಟ್ಟುತ್ತದೆ ಎಂದು ಪೌಲ ಕೊರಿಂಥದವರಿಗೆ ಬರೆದದ್ದು ಸುಮ್ನೆ ಅಲ್ಲ. ಓದಿ ಎದ್ದ ಮೇಲೆ ಜನರ ಹತ್ತಿರ ಹೋಗಬೇಕು ಅನ್ನಿಸುತ್ತದಾ, ದೂರ ಇರಬೇಕು ಅನ್ನಿಸುತ್ತದಾ? ನಾನು ನೋಡಿಕೊಳ್ಳುವುದು ಅದನ್ನೇ.

ಹಳೇ ಪುಟ

ಎರಡು ಕೆಲಸ ಬ್ರದರ್, ನಿಮ್ಮ ಮಾತು ಸರಿ. ನಾನು 50 ದಿನ ಅಂತ ಬರೆಯುವಾಗ ನಿಮ್ಮಂಥವರ ನೆನಪು ಬರಬೇಕಿತ್ತು. ಕ್ಷಮಿಸಿ. ನನ್ನದೂ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಇರಲಿಲ್ಲ ಅನ್ನುವುದನ್ನೂ ಹೇಳಬೇಕಿತ್ತು. ಕೈಯಿಂದ ನಕಲು ಮಾಡುವುದನ್ನು ನಾನು ಎಂದೂ ಮಾಡಿಲ್ಲ, ಈ ಸಲ ಮಾಡುತ್ತೇನೆ.

ನಿಧಾನ

ನಾನು ನಿವೃತ್ತ ಸಭಾಪಾಲಕ, ಈಗ ಕಿರಿಯ ಪಾಸ್ಟರ್‌ಗಳ ಒಂದು ಸಣ್ಣ ಓದುವ ಗುಂಪನ್ನು ನೋಡಿಕೊಳ್ಳುತ್ತೇನೆ. ಹೇಗೆ, ಏನು ಅಂತ ಕುರಿಗಾಹಿ ಕೇಳಿದ್ದಕ್ಕೆ ಇನ್ನೂ ಪೂರ್ತಿ ಉತ್ತರ ಬಂದಿಲ್ಲ ಅನ್ನಿಸಿತು.

ಮೊದಲು ಒಂದು ಹಳೆಯ ಸಂಗತಿ. ಬೇಸಿಗೆಯ ಓದು ನಮ್ಮ ಕಾಲದ ಹೊಸ ಯೋಚನೆ ಅಲ್ಲ. 6ನೇ ಶತಮಾನದಲ್ಲಿ ಬೆನೆಡಿಕ್ಟ್ ತಮ್ಮ ಸನ್ಯಾಸಿಗಳಿಗೆ ಬರೆದುಕೊಟ್ಟ ನಿಯಮದ 48ನೇ ಅಧ್ಯಾಯದಲ್ಲಿ ಇದಕ್ಕೆ ವೇಳಾಪಟ್ಟಿಯೇ ಇದೆ. ಈಸ್ಟರ್‌ನಿಂದ ಅಕ್ಟೋಬರ್ ಶುರುವಾಗುವವರೆಗೆ ಬೆಳಿಗ್ಗೆ ಕೈಕೆಲಸ, ನಾಲ್ಕನೇ ತಾಸಿನಿಂದ ಸುಮಾರು ಆರನೇ ತಾಸಿನವರೆಗೆ ಓದು. ನಮ್ಮ ಲೆಕ್ಕದಲ್ಲಿ ಅದು ಬಿಸಿಲೇರುವ ಹೊತ್ತಿನಿಂದ ನಡುಮಧ್ಯಾಹ್ನದವರೆಗೆ. ಊಟವಾದ ಮೇಲೆ ಎಲ್ಲರೂ ಮಲಗಿ ವಿಶ್ರಾಂತಿ ತೆಗೆದುಕೊಳ್ಳಬೇಕು, ಯಾರಿಗಾದರೂ ಓದುವ ಆಸೆ ಇದ್ದರೆ ಪಕ್ಕದವರಿಗೆ ತೊಂದರೆಯಾಗದ ಹಾಗೆ ಓದಿಕೊಳ್ಳಲಿ ಅನ್ನುತ್ತದೆ. ಆಗಿನ ಕಾಲದಲ್ಲಿ ಓದು ಅಂದರೆ ಬಾಯಿಬಿಟ್ಟು ಓದುವುದು, ಅದಕ್ಕೇ ಆ ಮಾತು. ಆ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಇನ್ನೊಂದು. ಈಸ್ಟರ್‌ಗೆ ಮೊದಲಿನ ತಪಸ್ಸುಕಾಲದಲ್ಲಿ ಪ್ರತಿಯೊಬ್ಬನಿಗೂ ಒಂದೊಂದು ಪುಸ್ತಕ ಕೊಡುತ್ತಾರೆ, ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದಬೇಕು. ಒಂದೇ ಪುಸ್ತಕ. ನಾವು ಬೇಸಿಗೆಗೆ ಅಂತ 12 ಪುಸ್ತಕ ಗುಡ್ಡೆ ಹಾಕಿಕೊಂಡು ಒಂದನ್ನೂ ಮುಗಿಸುವುದಿಲ್ಲ, ಅಲ್ವಾ?

ಹೇಗೆ ಎನ್ನುವುದಕ್ಕೆ ಜರ್ಮನಿಯ ಪಾಸ್ಟರ್ ಡೀಟ್ರಿಕ್ ಬಾನ್‌ಹಾಫರ್ ನಡೆಸಿದ ಶಾಲೆಯ ಅಭ್ಯಾಸ ಹೇಳುತ್ತೇನೆ. 1935ರಿಂದ 1937ರವರೆಗೆ ಫಿಂಕನ್‌ವಾಲ್ಡೆಯಲ್ಲಿ ಅವರು ಪಾಸ್ಟರ್ ಆಗಲಿರುವ ಯುವಕರನ್ನು ತರಬೇತಿ ಮಾಡಿದರು, ಕೊನೆಗೆ ನಾಜಿ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ದಿನಾ ಬೆಳಿಗ್ಗೆ ಅರ್ಧ ಗಂಟೆ ಎಲ್ಲರೂ ಮೌನವಾಗಿ ಒಂದೇ ವಾಕ್ಯಭಾಗದ ಮೇಲೆ ಧ್ಯಾನ ಮಾಡಬೇಕು. ಒಂದು ವಾರ ಪೂರ್ತಿ ಅದೇ ಭಾಗ. ನಿಘಂಟು ಇಲ್ಲ, ವ್ಯಾಖ್ಯಾನ ಇಲ್ಲ, ಅದರಿಂದ ಪ್ರಸಂಗ ತಯಾರಿಸುವ ಹಾಗೂ ಇಲ್ಲ. ಯುವಕರಿಗೆ ಮೊದಮೊದಲು ಬಹಳ ಕಷ್ಟವಾಯಿತಂತೆ, ಆ ಅರ್ಧ ಗಂಟೆ ಏನು ಮಾಡಬೇಕು ಅಂತಲೇ ತಿಳಿಯುತ್ತಿರಲಿಲ್ಲ. ನಮ್ಮ ಗುಂಪಿನಲ್ಲೂ ಹಾಗೇ ಆಯಿತು. ಮೊದಲ ದಿನ ಎಲ್ಲ ಗೊತ್ತಿರುವುದೇ ಅನ್ನಿಸುತ್ತದೆ, ಮೂರನೇ ದಿನ ಬೇಸರ ಬರುತ್ತದೆ. ಐದನೇ ದಿನದ ಹೊತ್ತಿಗೆ ಒಂದು ಪದ ಬಂದು ಎದುರಿಗೆ ಕೂರುತ್ತದೆ. ಮೂರನೇ ದಿನ ಬಿಡಬೇಡಿ ಅಂತ ಮಾತ್ರ ಹೇಳುತ್ತೇನೆ.

ಇನ್ನು ಏನು ಓದಬೇಕು. ಸತ್ಯವೇದದ ಒಂದು ಪುಸ್ತಕ, ನಿಧಾನವಾಗಿ. ಅದರ ಜೊತೆ ನಿಮ್ಮ ಕಾಲಕ್ಕೆ ಸೇರದ ಒಂದು ಪುಸ್ತಕ, 200 ವರ್ಷ ಹಳೆಯದಾದರೂ ಸರಿ, ಯಾಕೆಂದರೆ ನಮ್ಮ ಕಾಲದ ಕುರುಡು ನಮ್ಮ ಕಾಲದ ಪುಸ್ತಕಗಳಲ್ಲೂ ಇರುತ್ತದೆ. ನಿಮ್ಮ ಮಾತನ್ನು ಒಪ್ಪದವರು ಬರೆದದ್ದು ಒಂದಿರಲಿ. ಮತ್ತೆ ಕಾದಂಬರಿ ಅಂದರೆ ಮೂಗು ಮುರಿಯುವವರು ನಮ್ಮಲ್ಲಿ ಜಾಸ್ತಿ, ನಾನು ಮಾತ್ರ ಪ್ರತಿ ಬೇಸಿಗೆ ಒಂದಾದರೂ ಓದಿ ಅನ್ನುತ್ತೇನೆ. ನನ್ನ ಸಭೆಯ ಒಬ್ಬ ಹೆಣ್ಣುಮಗಳು ಗಂಡನ ಮನೆಯಲ್ಲಿ ಯಾಕೆ ಅಷ್ಟು ಮೌನವಾಗಿರುತ್ತಾಳೆ ಎನ್ನುವುದು ನನಗೆ ಅರ್ಥವಾದದ್ದು ಒಂದು ಕಾದಂಬರಿ ಓದಿದ ಮೇಲೆ. ಅಲ್ಲಿಯವರೆಗೆ ಅವಳನ್ನು ಜಂಬದವಳು ಅಂದುಕೊಂಡಿದ್ದೆ. ಇದನ್ನು ನೆನೆದರೆ ಇಂದಿಗೂ ನೋವಾಗುತ್ತದೆ.

ಓದು ಬಿಡುವಿದ್ದವರ ಹವ್ಯಾಸ ಎಂದು ಯಾರಾದರೂ ಹೇಳಿದರೆ ಎರಡು ಪತ್ರ ನೆನಪಿಸಿಕೊಳ್ಳಿ. ತಿಮೊಥೆಗೆ ಬರೆದ ಎರಡನೇ ಪತ್ರದ ಕೊನೆಯಲ್ಲಿ ಸೆರೆಯಲ್ಲಿರುವ ಪೌಲನು, ತಾನು ಹೊರಡುವ ಕಾಲ ಹತ್ತಿರ ಬಂತು ಅಂತ ಬರೆದವನು, ತ್ರೋವ ಪಟ್ಟಣದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ಮುಖ್ಯವಾಗಿ ಚರ್ಮದ ಕಾಗದಗಳನ್ನೂ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮೊದಲೇ ಬಾ ಎಂದು ಕೇಳುತ್ತಾನೆ. ಸುಮಾರು 1,500 ವರ್ಷದ ಮೇಲೆ, ಸತ್ಯವೇದದ ಬಹುಭಾಗವನ್ನು ಮೂಲ ಭಾಷೆಗಳಿಂದ ಇಂಗ್ಲಿಷಿಗೆ ತಂದ ವಿಲಿಯಂ ಟಿಂಡೇಲ್ ಕೂಡ 1535ರಲ್ಲಿ ಸೆರೆಮನೆಯಿಂದ ಅಂಥದ್ದೇ ಪತ್ರ ಬರೆದರು. ಬೆಚ್ಚನೆಯ ಟೋಪಿ ಬೇಕು, ಸಂಜೆ ಒಂದು ದೀಪ ಬೇಕು, ಕತ್ತಲಲ್ಲಿ ಒಬ್ಬನೇ ಕೂರುವುದು ಬೇಸರ, ಎಲ್ಲಕ್ಕಿಂತ ಹೆಚ್ಚಾಗಿ ಹೀಬ್ರೂ ಬೈಬಲ್, ಹೀಬ್ರೂ ವ್ಯಾಕರಣ, ಹೀಬ್ರೂ ನಿಘಂಟು ಬೇಕು ಅಂತ. ಮರುವರ್ಷ ಅವರನ್ನು ಕೊಂದರು. ಇಬ್ಬರ ಮುಂದೆಯೂ ಇನ್ನು ಭಾನುವಾರದ ಪ್ರಸಂಗ ಇರಲಿಲ್ಲ.

ಕುರಿಗಾಹಿ

ಅಯ್ಯನವರೇ, ಅಕ್ಕ, ಬ್ರದರ್, ಎಲ್ಲರಿಗೂ ಮನಸಾರೆ ವಂದನೆಗಳು. ಎರಡು ದಿನ ಇದನ್ನೇ ಓದುತ್ತಿದ್ದೆ, ಅದಕ್ಕೇ ಉತ್ತರ ತಡವಾಯಿತು.

ನಿನ್ನೆ ಆ ಹಿರಿಯರ ಮನೆಗೆ ಹೋಗಿ ಎಜ್ರನ ವಚನ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಡುವಿನದು ನಮಗೂ ಇಲ್ಲ ಪಾಸ್ಟರೇ" ಅಂದರು. ಪೂರ್ತಿ ಒಪ್ಪಿದರು ಅಂತ ಹೇಳಲಾರೆ. 6 ವಾರ ಜಾಸ್ತಿಯಾಯಿತು, ಭೇಟಿಗಳು ನಿಲ್ಲಬಾರದು ಅಂದರು. ಎರಡು ಕೆಲಸ ಬ್ರದರ್ ಹೇಳಿದ್ದು ನೆನಪಾಯಿತು. ಬೆಳಗಿನ ಹೊತ್ತು ಓದಿಗೆ, ಸಂಜೆ ಭೇಟಿಗಳಿಗೆ ಅಂತ ಮಾತಾಯಿತು. ಅಕ್ಕ ಹೇಳಿದ ಹಾಗೆ ನಡಾವಳಿಯಲ್ಲಿ ಬರೆಸುತ್ತೇನೆ.

ನಾನು, ಎಲ್ಲವನ್ನೂ ಕಳೆದುಕೊಂಡು ನರಳುವ ಯೋಬನ ಪುಸ್ತಕ ಆರಿಸಿಕೊಂಡಿದ್ದೇನೆ. 42 ಅಧ್ಯಾಯ, ದಿನಕ್ಕೆ ಒಂದು, ಸರಿಯಾಗಿ 6 ವಾರ. ಆರಿಸಲು ಕಾರಣವೂ ಇದೆ. ಯೋಬನ ಸ್ನೇಹಿತರು ಬಂದು 7 ದಿನ 7 ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರಲ್ಲ, ಅಲ್ಲಿಯವರೆಗೆ ಅವರು ಒಳ್ಳೆಯ ಸ್ನೇಹಿತರೇ. ಬಾಯಿ ತೆರೆದ ಮೇಲೆ ಹಾಳಾಯಿತು. ಅವರು ಆಡಿದ ಎಷ್ಟೋ ಮಾತುಗಳನ್ನು ನಾನೂ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಆಡಿದ್ದೇನೆ. 23ನೇ ಕೀರ್ತನೆ ಓದುವಾಗ ಮೂರು ಪಾಯಿಂಟ್ ಮಾಡಿಕೊಂಡ ತಲೆ ಇದು. ಇದಕ್ಕೆ ಸ್ವಲ್ಪ ದಿನ ಆ ಸ್ನೇಹಿತರ ಪಕ್ಕದಲ್ಲಿ ಕೂರುವುದು ಬೇಕು.

ಒಬ್ಬನೇ ಆದರೆ ನಡುವೆ ಬಿಟ್ಟುಬಿಡುತ್ತೇನೇನೋ ಅಂತ ಭಯ, ನಿಧಾನ ಅಯ್ಯನವರು ಹೇಳಿದ ಮೂರನೇ ದಿನದ ಹಾಗೆ. ಜೊತೆಗೆ ಓದಲು ಯಾರಾದರೂ ಬರುತ್ತೀರಾ? ಬೆಳಿಗ್ಗೆ ಅವರವರ ಮನೆಯಲ್ಲೇ ಓದುವುದು, ರಾತ್ರಿ ಇಲ್ಲಿ ಒಂದು ಸಾಲು ಬರೆಯುವುದು. "ಕರ್ತನೇ" ಅಂತಲೇ ಶುರುವಾಗಬೇಕು.

ಎರಡು ಕೆಲಸ

ನಾನಿದ್ದೇನೆ. ನನ್ನದು ಮಧ್ಯಾಹ್ನ ಊಟದ ಬಿಡುವಿನಲ್ಲಿ. ಒಂದೊಂದು ಅಧ್ಯಾಯ ನಕಲು ಮಾಡಲು ಆಗಲಿಕ್ಕಿಲ್ಲ, ನಾಟಿದ ವಚನ ಮಾತ್ರ ಬರೆದುಕೊಳ್ಳುತ್ತೇನೆ.

ಹಿಂದಿನ ಬೆಂಚು

ಪಾಸ್ಟರ್ ಅಲ್ಲದವರೂ ಸೇರಬಹುದಾ?

ಕುರಿಗಾಹಿ

ಖಂಡಿತ ಅಕ್ಕ. ಸೋಮವಾರದಿಂದ ಶುರು.